ಫ್ರಾನ್ಸಿನ ಹಳ್ಳಿಗೆ ಬಂದಿದ್ದೇವೆ, ಮನೆ ಹಿಂದೆಯೇ ಬೇಟೆ. ನೀವೆಲ್ಲ ಹೇಗೆ ಹೊಂದಿಕೊಂಡಿರಿ?

ಬೆಟ್ಟದ ಮನೆ (ಆರಿಯೇಜ್), ಸೆಪ್ಟೆಂಬರ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ.

ಏಳು ವರ್ಷ ತುಲೂಸ್‌ನಲ್ಲಿದ್ದೆವು. ಈ ಏಪ್ರಿಲ್‌ನಲ್ಲಿ ಆರಿಯೇಜ್ ಜಿಲ್ಲೆಗೆ ಬಂದೆವು. ಸ್ಯಾಂ-ಜಿರೋನ್ ಪೇಟೆಯಿಂದ ಮೇಲಕ್ಕೆ, ಪಿರನೀಸ್ ಬೆಟ್ಟದ ಬುಡದಲ್ಲಿ ಒಂದು ಚಿಕ್ಕ ಊರು. ಕಲ್ಲಿನ ಹಳೇ ಮನೆ. ಹಿಂದೆ ಎರಡು ಎಕರೆ ಹುಲ್ಲುಗಾವಲು, ಅದರಾಚೆ ಚೆಸ್ಟ್‌ನಟ್, ಬೀಚ್ ಮರಗಳ ಕಾಡು. ಯಜಮಾನರಿಗೆ ವಿಮಾನದ ಕೆಲಸ, ವಾರಕ್ಕೆ ಎರಡು ದಿನ ತುಲೂಸ್‌ಗೆ ಹೋಗಿ ಬರುತ್ತಾರೆ. ನಾನು ಸಾಗರದ ಕಡೆಯವಳು. ಮಳೆ, ಇಳಿಜಾರು, ಕಾಡಂಚಿನ ಮನೆ ನೋಡಿದ ಕೂಡಲೇ ನಮ್ಮೂರೇ ಅನ್ನಿಸಿಬಿಟ್ಟಿತ್ತು.

ಸೆಪ್ಟೆಂಬರ್ ಎರಡನೇ ಭಾನುವಾರ ಇಲ್ಲಿ ಬೇಟೆ ಶುರುವಾಗುತ್ತದೆ. ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ನಾಲ್ಕೈದು ಬಿಳಿ ವ್ಯಾನುಗಳು ಬಂದು ನಿಂತವು. ನಾಯಿಗಳ ಕೊರಳ ಗಂಟೆ. ಕೊಂಬು ಊದಿದರು. ಆಮೇಲೆ ಈಡು. ಒಂದು, ಎರಡು, ಸ್ವಲ್ಪ ಬಿಟ್ಟು ಮತ್ತೊಂದು. ಬೆಟ್ಟಕ್ಕೆ ತಾಗಿ ಸದ್ದು ವಾಪಸ್ ಬರುತ್ತದೆ, ಯಾವ ಕಡೆ ಹೊಡೆದರು ಅಂತಲೇ ಗೊತ್ತಾಗುವುದಿಲ್ಲ. ಏಳು ವರ್ಷದ ಮಗಳು ಹಿತ್ತಲಲ್ಲಿ ಉಯ್ಯಾಲೆ ಆಡುತ್ತಿದ್ದಳು. ಎರಡು ದೊಡ್ಡ ನಾಯಿಗಳು ಬೇಲಿ ನುಸುಳಿ ಒಳಗೆ ಬಂದವು. ಅವಳಿಗೇನೂ ಮಾಡಲಿಲ್ಲ. ನೆಲ ಮೂಸುತ್ತಾ ಕೋಳಿಗೂಡಿನ ಸುತ್ತ ಒಂದು ಸುತ್ತು ಹಾಕಿ ಹೋದವು. ರಸ್ತೆಯಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಇಬ್ಬರು ಕೋವಿ ಹಿಡಿದು ನಿಂತಿದ್ದರು. ನಾನು ಕೂಗಾಡಿಬಿಟ್ಟೆ. ಒಬ್ಬರು ಟೋಪಿ ತೆಗೆದು ಬೋನ್‌ಝೂರ್ ಅಂದರು. ಇನ್ನೊಬ್ಬರು ಮುಖ ತಿರುಗಿಸಿದರು.

ರಾತ್ರಿ ನಿದ್ದೆ ಬರಲಿಲ್ಲ. 2020ರ ಡಿಸೆಂಬರ್‌ನಲ್ಲಿ ಲೋಟ್ ಜಿಲ್ಲೆಯಲ್ಲಿ 25 ವರ್ಷದ ಹುಡುಗನೊಬ್ಬ ತನ್ನ ಮನೆ ಹತ್ತಿರವೇ ಸೌದೆ ಕಡಿಯುತ್ತಿದ್ದ. ಕಾಡುಹಂದಿ ಅಂದುಕೊಂಡು ಒಬ್ಬ ಬೇಟೆಗಾರ ಹೊಡೆದ. ಹುಡುಗ ಅಲ್ಲೇ ಹೋದ. ಅದೇ ಕಣ್ಣ ಮುಂದೆ ಬರುತ್ತಿತ್ತು.

ನಮ್ಮ ಜಾಗಕ್ಕೆ ಅವರು ಬರಬಾರದು ಅಂತ ಹೇಳಬಹುದಾ? ಬೇಟೆ ಮುಗಿಯುವ ಫೆಬ್ರವರಿವರೆಗೆ ಭಾನುವಾರ ಮಗುವನ್ನು ಕಾಡಿಗೆ ಕರೆದುಕೊಂಡು ಹೋಗುವುದೇ ಬೇಡವಾ? ಹಳ್ಳಿಗಳಲ್ಲಿ ಇರುವವರು ಹೇಳಿ.

ತುಲೂಸ್ ಕನ್ನಡಿಗ

ಅಕ್ಕ, ನಿಮ್ಮ ಭಯ ಸಹಜ. ಆದರೆ ಈಗಲೇ ಪತ್ರ ಗಿತ್ರ ಬರೆಯಬೇಡಿ. ನನ್ನ ಸಹೋದ್ಯೋಗಿಯೊಬ್ಬ ಜೆರ್ಸ್‌ನಲ್ಲಿ ಮನೆ ತಗೊಂಡು, ಬಂದ ತಿಂಗಳಲ್ಲೇ ಪೊಲೀಸರಿಗೆ ದೂರು ಕೊಟ್ಟ. ಮೂರು ವರ್ಷ ಆಯಿತು, ಊರಲ್ಲಿ ಅವನ ಜೊತೆ ಸರಿಯಾಗಿ ಮಾತಾಡುವವರಿಲ್ಲ.

ಹಳೇ ಪ್ಯಾರಿಸ್ಸಿಗ

ತಂಗಿ, ನಾನು ಈ ದೇಶಕ್ಕೆ ಬಂದು ಮೂವತ್ತು ವರ್ಷ ದಾಟಿತು. ನಿವೃತ್ತಿ ಆದ ಮೇಲೆ ಡ್ರೋಮ್‌ನ ಹಳ್ಳಿಯಲ್ಲಿದ್ದೇನೆ. ಮೊದಲು ಕಾನೂನು ಹೇಳುತ್ತೇನೆ.

ಆರಿಯೇಜ್‌ನಲ್ಲಿ ಊರೂರಿಗೂ ಒಂದು ಬೇಟೆ ಸಂಘ ಇರುತ್ತದೆ. ಎಸಿಸಿಎ ಅಂತಾರೆ. 1964ರ ಕಾಯ್ದೆಯಿಂದ ಬಂದದ್ದು. ಸಾಮಾನ್ಯವಾಗಿ 20 ಹೆಕ್ಟೇರ್‌ಗಿಂತ ಕಡಿಮೆ ಜಮೀನು ಇದ್ದವರ ಜಾಗವೆಲ್ಲ ತಾನಾಗಿಯೇ ಸಂಘದ ಬೇಟೆ ಪ್ರದೇಶಕ್ಕೆ ಸೇರುತ್ತಿತ್ತು, ಮಾಲೀಕನಿಗೆ ಇಷ್ಟ ಇದ್ದರೂ ಇಲ್ಲದಿದ್ದರೂ. ಇದರ ವಿರುದ್ಧ ಕೆಲವು ಸಣ್ಣ ಹಿಡುವಳಿದಾರರು ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಗಿ 1999ರಲ್ಲಿ ಗೆದ್ದರು. ಮರುವರ್ಷ ಕಾಯ್ದೆ ಬದಲಾಯಿತು. ಈಗ "ನನ್ನ ಮನಸ್ಸಾಕ್ಷಿ ಬೇಟೆಗೆ ಒಪ್ಪುವುದಿಲ್ಲ" ಎಂದು ಬರೆದುಕೊಟ್ಟು ಜಮೀನನ್ನು ಹೊರಗಿಡಬಹುದು. ಆದರೆ ಕೂಡಲೇ ಆಗುವುದಿಲ್ಲ. ಸಂಘಕ್ಕೆ ಐದೈದು ವರ್ಷದ ಅವಧಿ ಇರುತ್ತದೆ, ಅದು ಮುಗಿಯುವ ಆರು ತಿಂಗಳ ಮುಂಚೆ ಅರ್ಜಿ ಹೋಗಬೇಕು. ಹೊರಗಿಟ್ಟ ಮೇಲೆ ಬೋರ್ಡು ಹಾಕುವುದು ನಿಮ್ಮ ಕೆಲಸ.

ಇನ್ನು 150 ಮೀಟರ್ ವಿಷಯ. ಮನೆಯ ಸುತ್ತ 150 ಮೀಟರ್ ಒಳಗಿನ ಜಾಗ ಸಂಘದ ಪ್ರದೇಶಕ್ಕೆ ಸೇರುವುದೇ ಇಲ್ಲ. ನಿಮ್ಮದು ಎರಡೇ ಎಕರೆ ಅಂದರೆ ಬಹುಪಾಲು ಅದರೊಳಗೇ ಬರುತ್ತದೆ. ಆದರೆ ಇದನ್ನು ಜನ ತಪ್ಪು ತಿಳಿಯುತ್ತಾರೆ. ಇದು ಯಾರ ಜಾಗದಲ್ಲಿ ಬೇಟೆಯಾಡಬಹುದು ಅನ್ನುವ ಲೆಕ್ಕ. ರೈಫಲ್ ಗುಂಡು ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ, ಅದಕ್ಕೆ 150 ಮೀಟರ್ ಏನೂ ಅಲ್ಲ. ನಿಮ್ಮನ್ನು ನಿಜವಾಗಿ ಕಾಯುವುದು ಬೇರೆ ನಿಯಮ: ಮನೆ, ರಸ್ತೆಯ ದಿಕ್ಕಿಗೆ ಗುಂಡು ಹೊಡೆಯುವ ಹಾಗಿಲ್ಲ.

ಇನ್ನೊಂದು ಮಾತು. ಇಲ್ಲಿಯವರಿಗೆ ಬೇಟೆ ಬರೀ ಹವ್ಯಾಸ ಅಲ್ಲ. 1789ರ ಆಗಸ್ಟ್‌ವರೆಗೆ ಬೇಟೆಯ ಹಕ್ಕು ಜಮೀನ್ದಾರರದ್ದು ಮಾತ್ರ. ರೈತನ ಹೊಲ ಹಂದಿ ತಿಂದರೂ ರೈತ ಅದನ್ನು ಹೊಡೆಯುವಂತಿರಲಿಲ್ಲ. ಕ್ರಾಂತಿ ಆ ಹಕ್ಕನ್ನು ಕಿತ್ತು ಹಾಕಿತು. ಇಂಗ್ಲೆಂಡಿನಲ್ಲಿ ಬೇಟೆ ಅಂದರೆ ಸಿರಿವಂತರದ್ದು ಅನ್ನುತ್ತಾರಲ್ಲ, ಇಲ್ಲಿ ಗಾರೆ ಕೆಲಸದವನೂ ಅಂಚೆಯವನೂ ಬೇಟೆಗೆ ಹೋಗುತ್ತಾರೆ. ಅದನ್ನು ತೆಗೆಯಿರಿ ಅಂದರೆ ಅಜ್ಜ ಗೆದ್ದುಕೊಟ್ಟದ್ದನ್ನು ಪೇಟೆಯವನು ಬಂದು ಕಿತ್ತುಕೊಂಡ ಹಾಗೆ ಅವರಿಗೆ.

ಹಕ್ಕಿ ನೋಡುವವಳು (ಬೋರ್ಡೋ)

ಸರ್, ಇತಿಹಾಸ ಒಪ್ಪಿದೆ. ಆದರೆ ಬಂದವರೇ ಹೊಂದಿಕೊಳ್ಳಬೇಕು ಅನ್ನುವ ಹಾಗೆ ಪ್ರತಿ ಸಲ ಮಾತು ತಿರುಗುತ್ತದೆ, ಅದು ನನಗೆ ನೋವು ಕೊಡುತ್ತದೆ.

ಲೋಟ್‌ನಲ್ಲಿ ಸತ್ತ ಹುಡುಗ ಹೊಸಬನಲ್ಲ, ತನ್ನ ಮನೆಯಲ್ಲೇ ಇದ್ದವನು. 2022ರ ಫೆಬ್ರವರಿಯಲ್ಲಿ ಕಾಂತಾಲ್‌ನಲ್ಲಿ 25 ವರ್ಷದ ಹುಡುಗಿ ಗುರುತು ಹಾಕಿದ ಕಾಲುದಾರಿಯಲ್ಲಿ ನಡೆಯುತ್ತಿದ್ದಾಗ ಗುಂಡು ತಗುಲಿ ಸತ್ತಳು. ಹೊಡೆದವಳಿಗೆ 17 ವರ್ಷ. 2021-22ರ ಋತುವಿನಲ್ಲಿ 90 ಅಪಘಾತ, 8 ಸಾವು. ಅದರಲ್ಲಿ ಇಬ್ಬರು ಬೇಟೆಗಾರರಲ್ಲ. ಇಪ್ಪತ್ತು ವರ್ಷದ ಹಿಂದೆ ಇದಕ್ಕಿಂತ ಎಷ್ಟೋ ಜಾಸ್ತಿ ಜನ ಸಾಯುತ್ತಿದ್ದರು, ಈಗ ಕಡಿಮೆ ಆಗಿದೆ, ಸಾಯುವವರಲ್ಲಿ ಹೆಚ್ಚಿನವರು ಬೇಟೆಗಾರರೇ. ಅದೂ ನಿಜ. ಆದರೆ ಕಾಡಲ್ಲಿ ನಡೆಯುವುದಕ್ಕೆ ಜೀವಭಯ ಯಾಕಿರಬೇಕು?

ಲೋಟ್‌ನ ಹುಡುಗನ ಗೆಳತಿಯರು ಸುಮ್ನೆ ಕೂರಲಿಲ್ಲ. ಗುಂಪು ಕಟ್ಟಿದರು, ಸಹಿ ಸಂಗ್ರಹಿಸಿದರು, ವಿಷಯ ಸೆನೆಟ್‌ವರೆಗೆ ಹೋಯಿತು. 2023ರ ಜನವರಿಯಲ್ಲಿ ಸರ್ಕಾರ ಸುರಕ್ಷತಾ ಯೋಜನೆ ತಂದಿತು. ಕುಡಿದು ಬೇಟೆಯಾಡಿದರೆ ದಂಡ ಅನ್ನುವ ನಿಯಮ ಬಂದದ್ದು ಆ ವರ್ಷವೇ. ಅಲ್ಲಿಯವರೆಗೆ ಅದಕ್ಕೇ ಅಂತ ಒಂದು ನಿಯಮ ಇರಲಿಲ್ಲ, ಯೋಚಿಸಿ. ಭಾನುವಾರ ಬೇಟೆ ನಿಲ್ಲಿಸಿ ಅನ್ನುವ ಬೇಡಿಕೆಗೆ ಮಾತ್ರ ಸರ್ಕಾರ ಒಪ್ಪಲಿಲ್ಲ. 2000ದಲ್ಲಿ ಬುಧವಾರ ಬೇಟೆ ಇಲ್ಲ ಅಂತ ಕಾಯ್ದೆಯಲ್ಲೇ ಇತ್ತು. ಶಾಲೆ ಮಕ್ಕಳಿಗೆ ಆಗ ಬುಧವಾರ ರಜೆ. 2003ರಲ್ಲಿ ಅದನ್ನೂ ತೆಗೆದರು.

ಬೆಟ್ಟದ ಮನೆ ಅಕ್ಕ, ನೀವು ಹೆದರಿದ್ದು ತಪ್ಪಲ್ಲ. ಕೇಳುವುದೂ ತಪ್ಪಲ್ಲ.

ಮಡಿಕೇರಿ ಮಳೆ (ಲಿಯೋನ್ ಹತ್ತಿರ)

ನಾನು ಕೊಡವ. ನಮ್ಮ ಮನೆಯಲ್ಲಿ ಕೋವಿ ಇಲ್ಲದ ದಿನ ನೋಡಿಲ್ಲ. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್ ಪೂ (ಕೋವಿ ಹೂ) ಇಟ್ಟು ಕೈಮುಗಿದು ಬೆಳೆದವನು. ನಮಗೆ ಕೋವಿ ಲೈಸೆನ್ಸ್ ವಿನಾಯಿತಿ ಇದೆ, 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದರು. ಆದರೆ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಇಲ್ಲ. ಕೋವಿ ಉಳಿಯಿತು, ಬೇಟೆ ಹೋಯಿತು. ಹಾಗಾಗಿ ಇಲ್ಲಿ ಮೊದಲ ಸಲ ಊರವರು ಸೇರಿ ಹಂದಿ ಸೋವುವುದನ್ನು (ಎಬ್ಬಿಸಿ ಅಟ್ಟುವುದನ್ನು) ನೋಡಿದಾಗ, ಅಜ್ಜ ಹೇಳುತ್ತಿದ್ದ ಕಥೆಯೇ ಕಣ್ಣೆದುರು ನಡೆದ ಹಾಗಿತ್ತು. ನಾಯಿ ಬಿಡುವವರು ಬೇರೆ, ಸಾಲಾಗಿ ಕೋವಿ ಹಿಡಿದು ನಿಲ್ಲುವವರು ಬೇರೆ, ಹಂಚುವಾಗ ನಾಯಿಯವನಿಗೂ ಪಾಲು. ಅದೇ ಕ್ರಮ. ಇವರು ಬಾತ್ಯೂ ಅನ್ನುತ್ತಾರೆ, ಅಷ್ಟೇ.

ನೀವು ನೋಡಿದ ಆ ಇಬ್ಬರು ಯಾಕೆ ಬರುತ್ತಾರೆ ಗೊತ್ತಾ? ನಮ್ಮೂರಿನಲ್ಲಿ ಶಾಲೆ ಮುಚ್ಚಿತು, ಬ್ರೆಡ್ ಅಂಗಡಿ ಮುಚ್ಚಿತು, ಕಾಫಿ ಅಂಗಡಿಯೂ ಹೋಯಿತು. ವಾರಕ್ಕೊಮ್ಮೆ ಊರವರು ಒಟ್ಟಿಗೆ ಕೂತು ಉಣ್ಣುವ ಜಾಗ ಅಂತ ಉಳಿದಿರುವುದು ಬೇಟೆಯವರ ಕಟ್ಟೆಮನೆ ಒಂದೇ. ಎಪ್ಪತ್ತರ ದಶಕದಲ್ಲಿ ಈ ದೇಶದಲ್ಲಿ 20 ಲಕ್ಷಕ್ಕೂ ಜಾಸ್ತಿ ಬೇಟೆಗಾರರಿದ್ದರು. ಈಗ ಹತ್ತು ಲಕ್ಷದ ಆಸುಪಾಸು. ನಮ್ಮೂರಿನ ಬೇಟೆ ಗುಂಪಿನಲ್ಲಿ ಅರವತ್ತು ದಾಟಿದವರೇ ಹೆಚ್ಚು. ತಮ್ಮ ಕಾಲ ಮುಗಿಯುತ್ತಿದೆ ಅಂತ ಅವರಿಗೂ ಗೊತ್ತು. ಅದಕ್ಕೇ ಹೊಸಬರು ಬಾಯಿ ತೆರೆದರೆ ಸಾಕು, ಸಿಟ್ಟು.

ಒಂದು ಕೆಲಸ ಮಾಡಿ. ಮೇರಿಗೆ, ಅಂದರೆ ಪಂಚಾಯ್ತಿ ಕಚೇರಿಗೆ ಹೋಗಿ. ಸಂಘದ ಅಧ್ಯಕ್ಷರು ಯಾರು ಅಂತ ಕೇಳಿ, ಅವರ ಮನೆಗೇ ಹೋಗಿ. ಫೋನ್ ಬೇಡ, ಇ-ಮೇಲ್ ಬೇಡವೇ ಬೇಡ. ಮಗುವನ್ನೂ ಕರೆದುಕೊಂಡು ಹೋಗಿ.

ಗ್ರೆನೋಬಲ್ ವಿದ್ಯಾರ್ಥಿ

ಚಾರಣಕ್ಕೆ ಹೋಗುವವರಿಗೆ ಎರಡು ಮಾತು. ದೊಡ್ಡ ಪ್ರಾಣಿಗಳ ಗುಂಪು ಬೇಟೆ ನಡೆಯುವಾಗ ಸಾರ್ವಜನಿಕ ರಸ್ತೆ ಬದಿಯಲ್ಲಿ ಬೋರ್ಡು ಇಡಬೇಕು, ಕಿತ್ತಳೆ ಜಾಕೆಟ್ ಹಾಕಬೇಕು ಅಂತ 2020ರಿಂದ ಆದೇಶ ಇದೆ. ಬೋರ್ಡು ಕಂಡರೆ ವಾಪಸ್ ಬನ್ನಿ, ಅಥವಾ ಅಲ್ಲಿ ನಿಂತವರನ್ನು ಕೇಳಿ. ಕೇಳಿದರೆ ಚೆನ್ನಾಗಿಯೇ ಹೇಳುತ್ತಾರೆ. ನೀವೂ ಕಣ್ಣಿಗೆ ಹೊಡೆಯುವ ಬಣ್ಣ ಹಾಕಿ. ಕಾಡಲ್ಲಿ ಕಂದು, ಹಸಿರು ಬಟ್ಟೆ ಬೇಡ.

ಮತ್ತೆ, 2023ರ ಫೆಬ್ರವರಿಯಿಂದ ಬೋರ್ಡು ಹಾಕಿದ ಖಾಸಗಿ ಕಾಡಿಗೆ ಕಾಲಿಟ್ಟರೆ ದಂಡ. ಆ ಕಾಯ್ದೆ ಬಂದದ್ದು ಪ್ರಾಣಿಗಳು ಓಡಾಡದಂತೆ ಸೊಲೋನ್ಯ್ ಕಡೆಯ ಸಿರಿವಂತರು ಕಟ್ಟಿದ್ದ ಎತ್ತರದ ಬೇಲಿ ತೆಗೆಸುವುದಕ್ಕೆ. ಅದು ಒಳ್ಳೆಯದೇ. ಆದರೆ ಬೇಲಿ ತೆಗೆಯುವ ಕಾಯ್ದೆಯಲ್ಲೇ ನಡೆಯುವವರಿಗೆ ಬೀಗ ಹಾಕಿದರು. ಇಲ್ಲಿ ಶಾರ್ತ್ರೂಸ್ ಬೆಟ್ಟದಲ್ಲಿ ತಲೆತಲಾಂತರದಿಂದ ನಡೆಯುತ್ತಿದ್ದ ದಾರಿಗಳು ಮುಚ್ಚಿವೆ. ಇದರ ಬಗ್ಗೆ ಬೇಟೆಗಾರರಿಗಿಂತ ದೊಡ್ಡ ಜಮೀನುದಾರರ ಮೇಲೆ ನನಗೆ ಸಿಟ್ಟು ಜಾಸ್ತಿ.

ಬೆಟ್ಟದ ಮನೆ, ಅಕ್ಟೋಬರ್

ಎಲ್ಲರಿಗೂ ಧನ್ಯವಾದ. ಮಡಿಕೇರಿ ಅಣ್ಣ ಹೇಳಿದ ಹಾಗೆ ಮಾಡಿದೆ.

ಅಧ್ಯಕ್ಷರು ಅವತ್ತು ಮುಖ ತಿರುಗಿಸಿದವರೇ. ಎಪ್ಪತ್ತು ದಾಟಿದೆ, ಗಾರೆ ಕೆಲಸ ಮಾಡಿ ನಿವೃತ್ತಿ ಆದವರು. ನಮ್ಮ ಮನೆಯ ಹಿಂಗೋಡೆ ಅವರ ಅಪ್ಪ ಕಟ್ಟಿದ್ದಂತೆ. ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು. ನಾನು ನೇರವಾಗಿ ಹೇಳಿದೆ: "ಮಗು ಹಿತ್ತಲಲ್ಲಿರುತ್ತದೆ, ನನಗೆ ಭಯ ಆಗುತ್ತದೆ." ಅವರು ಸ್ವಲ್ಪ ಹೊತ್ತು ನನ್ನ ಮಗಳನ್ನು ನೋಡಿದರು. ಆಮೇಲೆ ಬೂಟು ಹಾಕಿಕೊಂಡು "ಬನ್ನಿ" ಅಂದರು.

ಕಾಡಿಗೆ ಕರೆದುಕೊಂಡು ಹೋದರು. ಎಲ್ಲೆಲ್ಲಿ ಜನ ನಿಲ್ಲುತ್ತಾರೆ ಅಂತ ಒಂದೊಂದೇ ಜಾಗ ತೋರಿಸಿದರು. ಮರಕ್ಕೆ ನಂಬರು ಬರೆದಿದ್ದಾರೆ. ಅಲ್ಲಲ್ಲಿ ಮರದ ಅಟ್ಟಣೆ. ನಮ್ಮ ಕಡೆ ಮರಸು ಕೂರುತ್ತಿದ್ದರಲ್ಲ, ಹಾಗೆ. ಮೇಲೆ ನಿಂತು ಹೊಡೆದರೆ ಗುಂಡು ನೆಲಕ್ಕೆ ಇಳಿಯುತ್ತದೆ, ಮುಂದೆ ಹಾರಿಹೋಗುವುದಿಲ್ಲ, ಅದಕ್ಕೇ ಅಟ್ಟಣೆ. ಪಕ್ಕದವನು ನಿಂತ ದಿಕ್ಕಿನಿಂದ 30 ಡಿಗ್ರಿ ಬಿಟ್ಟೇ ಹೊಡೆಯಬೇಕು. ಅದನ್ನು ಹೆಜ್ಜೆ ಅಳೆದು, ನೆಲಕ್ಕೆ ಕೋಲು ನೆಟ್ಟು ತೋರಿಸಿದರು. ಬೇಟೆಗೆ ಮುಂಚೆ ಎಲ್ಲರೂ ಪುಸ್ತಕದಲ್ಲಿ ಸಹಿ ಹಾಕಬೇಕು, ನಿಯಮ ಓದಿ ಹೇಳಬೇಕು. ನಾಯಿಗಳ ಕೊರಳಲ್ಲಿ ಜಿಪಿಎಸ್ ಇದೆ. ನಮ್ಮ ಹಿತ್ತಲಿಗೆ ನಾಯಿ ಬಂದದ್ದು ಅವರಿಗೆ ಆವತ್ತೇ ಫೋನಿನಲ್ಲಿ ಕಂಡಿತ್ತಂತೆ.

ಹಂದಿ ಯಾಕೆ ಇಷ್ಟಾಯಿತು ಅಂತ ಕೇಳಿದೆ. ಎದುರು ಗುಡ್ಡ ತೋರಿಸಿದರು. ಪೂರ್ತಿ ಕಾಡು. "ನಾನು ಹುಡುಗನಾಗಿದ್ದಾಗ ಅಲ್ಲಿ ಆಲೂಗಡ್ಡೆ ಬೆಳೆಯುತ್ತಿದ್ದರು" ಅಂದರು. ಮರಗಳ ನಡುವೆ ಕಲ್ಲಿನ ಕಟ್ಟೆಗಳು ಈಗಲೂ ಕಾಣುತ್ತವೆ, ನಮ್ಮ ಮೆಟ್ಟಿಲು ಗದ್ದೆಗಳ ಹಾಗೇ. 1840ರ ದಶಕದಲ್ಲಿ ಆರಿಯೇಜ್‌ನಲ್ಲಿ ಎರಡೂವರೆ ಲಕ್ಷಕ್ಕೂ ಜಾಸ್ತಿ ಜನ ಇದ್ದರು. ಈಗ ಒಂದೂವರೆ ಲಕ್ಷ. ಜನ ಇಳಿದು ಪೇಟೆಗೆ ಹೋದರು, ಕಾಡು ಇಳಿದು ಮನೆ ಬಾಗಿಲಿಗೆ ಬಂತು, ಅದರ ಜೊತೆ ಹಂದಿಯೂ ಬಂತು. ಆ ಗುಡ್ಡ ನೋಡುತ್ತಾ ನಿಂತಾಗ ನನಗೆ ನಮ್ಮ ಕಡೆ ಪಾಳು ಬಿದ್ದ ಗದ್ದೆಗಳು ನೆನಪಾದವು. ಹಂದಿ ಕಾಟ ತಡೆಯಲಾರದೆ ನಮ್ಮ ಚಿಕ್ಕಪ್ಪ ಗದ್ದೆ ಮಾಡುವುದನ್ನೇ ಬಿಟ್ಟರು.

ಹಕ್ಕಿ ನೋಡುವವಳು

ಅವರು ಒಳ್ಳೆಯವರು ಅಂತ ಓದಿ ಖುಷಿಯಾಯಿತು. ಆದರೆ ಹಂದಿ ಕಥೆಗೆ ಇನ್ನೊಂದು ಮಗ್ಗುಲಿದೆ. ಎಪ್ಪತ್ತರ ದಶಕದ ಮೊದಲಲ್ಲಿ ವರ್ಷಕ್ಕೆ 40,000 ಹಂದಿಯೂ ಹೊಡೆಯುತ್ತಿರಲಿಲ್ಲ. ಈಗ ಎಂಟು ಲಕ್ಷಕ್ಕೂ ಜಾಸ್ತಿ. ಕಾಡು ಬೆಳೆದದ್ದು, ಮೆಕ್ಕೆಜೋಳದ ಹೊಲ, ಚಳಿ ಕಡಿಮೆ ಆದದ್ದು ಎಲ್ಲಾ ಕಾರಣವೇ. ಜೊತೆಗೆ ಎಷ್ಟೋ ವರ್ಷ ಬೇಟೆ ಸಂಘಗಳೇ ಹೆಣ್ಣು ಹಂದಿ ಹೊಡೆಯದೆ ಉಳಿಸಿದವು, ಕಾಡಿನಲ್ಲಿ ಮೆಕ್ಕೆಜೋಳ ಚೆಲ್ಲಿ ಮೇಯಿಸಿದವು.

ಮಡಿಕೇರಿ ಮಳೆ

ಒಪ್ಪುತ್ತೇನೆ, ತಂಗಿ. ನಮ್ಮ ಗುಂಪಿನ ಹಿರಿಯರೂ ಅದನ್ನು ಬಾಯಿಬಿಟ್ಟು ಹೇಳುತ್ತಾರೆ. ಆದರೆ ಅದರ ಬೆಲೆಯನ್ನೂ ಅವರೇ ಕಟ್ಟುತ್ತಿದ್ದಾರೆ. ಹಂದಿ, ಜಿಂಕೆ ಬೆಳೆ ತಿಂದರೆ ರೈತನಿಗೆ ಪರಿಹಾರ ಕೊಡುವುದು ಸರ್ಕಾರ ಅಲ್ಲ, ಜಿಲ್ಲೆಯ ಬೇಟೆಗಾರರ ಒಕ್ಕೂಟ. 1968ರ ಕಾಯ್ದೆಯಿಂದ ಬಂದ ಪದ್ಧತಿ. ನಮ್ಮ ಮಲೆನಾಡಲ್ಲಿ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅಲೆಯುತ್ತೇವಲ್ಲ, ಇಲ್ಲಿ ಬೇಟೆಗಾರನ ಜೇಬಿಗೇ ಹೋಗುತ್ತಾರೆ. ಹಾಗಾಗಿ ಹಂದಿ ಜಾಸ್ತಿಯಾದರೆ ಈಗ ಸಂಘವೇ ಮುಳುಗುತ್ತದೆ.

ಹಳೇ ಪ್ಯಾರಿಸ್ಸಿಗ

ಆರಿಯೇಜ್ ಅಂದ ಮೇಲೆ ಕರಡಿ ವಿಷಯವನ್ನೂ ತಿಳಿದಿರಿ. 1996ರಿಂದ ಸ್ಲೊವೇನಿಯಾದ ಕರಡಿಗಳನ್ನು ತಂದು ಪಿರನೀಸ್‌ನಲ್ಲಿ ಬಿಟ್ಟಿದ್ದಾರೆ. 2021ರ ನವೆಂಬರ್‌ನಲ್ಲಿ ನಿಮ್ಮ ಕೂಸರಾನ್ ಭಾಗದಲ್ಲೇ ಹಂದಿ ಸೋವು ನಡೆದಾಗ, ಮರಿಗಳಿದ್ದ ಹೆಣ್ಣು ಕರಡಿ 70 ವರ್ಷದ ಬೇಟೆಗಾರನ ಮೇಲೆ ಬಿತ್ತು. ಕಾಲು ಕಚ್ಚಿ ಎಳೆಯಿತು. ಅವರು ಗುಂಡು ಹೊಡೆದು ಉಳಿದರು, ಕರಡಿ ಸತ್ತಿತು. ಬೇಟೆಗೆ ಅನುಮತಿ ಇಲ್ಲದ ಜಾಗ ಅದು ಅಂತ ಕೇಸಾಯಿತು, 2025ರಲ್ಲಿ ಫುವಾ ಕೋರ್ಟು ಶಿಕ್ಷೆಯನ್ನೂ ಕೊಟ್ಟಿತು. ಊರು ಎರಡು ಪಾಲಾಗಿದೆ. ಯಾರ ಮನೆಯಲ್ಲಾದರೂ ಈ ಮಾತು ಎದ್ದರೆ ನೀವು ಸುಮ್ನೆ ಕೇಳಿಸಿಕೊಳ್ಳಿ.

ಬೆಟ್ಟದ ಮನೆ, ಡಿಸೆಂಬರ್

ಎರಡು ವಿಷಯ ಆಯಿತು, ಎರಡನ್ನೂ ಹೇಳಬೇಕು.

ನವೆಂಬರ್ ಕೊನೆಗೆ ಅಧ್ಯಕ್ಷರು ಹಂದಿಯ ತೊಡೆ ಮಾಂಸ ಚೀಲದಲ್ಲಿ ಹಿಡಿದುಕೊಂಡು ಬಂದರು. ನಾವು ಮಾಂಸ ತಿನ್ನುವುದಿಲ್ಲ, ಹಾಗೇ ಹೇಳಿ ವಾಪಸ್ ಕೊಟ್ಟೆ. ಅವರ ಮುಖ ಬಾಡಿತು. ಪಕ್ಕದ ಮನೆ ಅಜ್ಜಿ ಎಪ್ಪತ್ತರ ದಶಕದಲ್ಲಿ ಆಡು ಸಾಕಲು ಪ್ಯಾರಿಸ್‌ನಿಂದ ಬಂದವರು. ಆಗ ಇಂಥ ಹುಡುಗ ಹುಡುಗಿಯರು ಆರಿಯೇಜ್ ತುಂಬ ಬಂದಿದ್ದರಂತೆ. ಐವತ್ತು ವರ್ಷ ಆದರೂ ಕೆಲವರು ಅವರನ್ನು ಇನ್ನೂ ಪ್ಯಾರಿಸ್‌ನವಳು ಅನ್ನುತ್ತಾರೆ. ಅವರು ಹೇಳಿದರು: "ಅದು ಉಡುಗೊರೆ ಅಲ್ಲ ಮಗಳೇ, ಜಾಗದವರ ಪಾಲು. ನಿನ್ನನ್ನು ಲೆಕ್ಕಕ್ಕೆ ಸೇರಿಸಿಕೊಂಡಿದ್ದಾರೆ." ಮರುದಿನ ಹೋಗಿ ಕ್ಷಮೆ ಕೇಳಿ ಚೀಲ ತಂದೆ. ಅಜ್ಜಿಗೇ ಕೊಟ್ಟೆ. ಈಗ ನಮ್ಮ ಪಾಲು ನೇರವಾಗಿ ಅಜ್ಜಿ ಮನೆಗೆ ಹೋಗುತ್ತದೆ, ಅಧ್ಯಕ್ಷರಿಗೂ ಗೊತ್ತು.

ಇನ್ನೊಂದು ಒಳ್ಳೆಯದಲ್ಲ. ಹದಿನೈದು ದಿನದ ಹಿಂದೆ ಶನಿವಾರ ಮಧ್ಯಾಹ್ನ, ನಾನು ಮಗಳು ಕಾಲುದಾರಿಯಲ್ಲಿ ಬರುತ್ತಿದ್ದೆವು. ಬೋರ್ಡು ಇರಲಿಲ್ಲ. ತೀರಾ ಹತ್ತಿರದಲ್ಲಿ ಈಡು ಆಯಿತು, ದಾರಿಯ ಆಚೆ ಎಲೆ ಉದುರಿತು. ಮಗಳು ಅಲ್ಲೇ ಕೂತುಬಿಟ್ಟಳು. ನನ್ನ ಕೈ ಕಾಲು ನಡುಗುತ್ತಿತ್ತು. ಹೊಡೆದವನು ದಾರಿಗೆ ಅಡ್ಡವಾಗಿ ಹೊಡೆದಿದ್ದ. ಅವತ್ತೇ ಸಂಜೆ ಅಧ್ಯಕ್ಷರ ಮನೆಗೆ ಹೋದೆ. ಅಳುತ್ತಲೇ ಹೇಳಿದೆ. ಅವರು ಒಂದೇ ಒಂದು ಸಲವೂ "ಹಾಗಾಗಿರಲಿಕ್ಕಿಲ್ಲ" ಅನ್ನಲಿಲ್ಲ. ಮರುದಿನ ಆ ಮನುಷ್ಯನನ್ನು ಈ ಋತು ಪೂರ್ತಿ ಗುಂಪಿನಿಂದ ಹೊರಗಿಟ್ಟರು. ಅವರ ಸ್ವಂತ ಭಾಮೈದ ಅಂತ ಆಮೇಲೆ ತಿಳಿಯಿತು.

ನಾನು ಪೊಲೀಸರಿಗೂ ತಿಳಿಸಿದೆ. ಅಧ್ಯಕ್ಷರಿಗೆ ಹೇಳಿಯೇ ತಿಳಿಸಿದೆ. ಅವರಿಗೆ ಇಷ್ಟವಾಗಲಿಲ್ಲ, ಆದರೆ ತಡೆಯಲಿಲ್ಲ. ಜೀವದ ವಿಷಯದಲ್ಲಿ ನೆಂಟಸ್ತಿಕೆ ನೋಡಿ ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ತುಲೂಸ್ ಕನ್ನಡಿಗ

ಅಕ್ಕ, ಮಗಳು ಈಗ ಹೇಗಿದ್ದಾಳೆ? ನಾನು ಮೊದಲು ದೂರು ಬೇಡ ಅಂದಿದ್ದೆ. ಈಗ ನೀವು ಮಾಡಿದ್ದೇ ಸರಿ.

ಹಕ್ಕಿ ನೋಡುವವಳು

ಓದಿ ಕಣ್ಣು ತುಂಬಿತು. ನಾನು ಬೇಟೆ ಬೇಡ ಅನ್ನುವವಳೇ, ಅದು ಬದಲಾಗುವುದಿಲ್ಲ. ಆದರೆ ಭಾಮೈದನನ್ನು ಹೊರಗಿಟ್ಟ ಆ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ. ಭಾನುವಾರದ ವಿಷಯ ಮಾತ್ರ ಬಿಡಬೇಡಿ. ದೇಶಕ್ಕೆಲ್ಲ ಆಗದಿದ್ದರೆ ನಿಮ್ಮೂರಲ್ಲಾದರೂ ಕೇಳಿ. ದಿನ ಗೊತ್ತು ಮಾಡುವುದು ಸಂಘದ ಕೈಯಲ್ಲೇ ಇರುತ್ತದೆ.

ಬೆಟ್ಟದ ಮನೆ, ಫೆಬ್ರವರಿ

ಮಗಳು ಚೆನ್ನಾಗಿದ್ದಾಳೆ. ಈಡಿನ ಸದ್ದಿಗೆ ಇನ್ನೂ ಬೆಚ್ಚುತ್ತಾಳೆ.

ಹೋದ ಶನಿವಾರ ಬೇಟೆ ಸಂಘದ ಊಟ ಇತ್ತು. ಊರಿನ ಸಭಾಂಗಣದಲ್ಲಿ ಉದ್ದುದ್ದ ಟೇಬಲ್ಲು, ಎಂಬತ್ತು ಜನ. ನಾನು ಕಡಲೆಬೇಳೆ ವಡೆ, ಕಾಯಿ ಚಟ್ನಿ ಮಾಡಿಕೊಂಡು ಹೋಗಿದ್ದೆ. ಊಟ ಮುಗಿದ ಮೇಲೆ ಎದ್ದು ನಿಂತು ಭಾನುವಾರದ ವಿಷಯ ಕೇಳಿದೆ. ಒಂದಿಬ್ಬರು ಗೊಣಗಿದರು. ಒಬ್ಬ ಹುಡುಗ, ಇಪ್ಪತ್ತೆರಡು ವರ್ಷ ಇರಬಹುದು, ತುಲೂಸ್‌ನಲ್ಲಿ ಕೆಲಸ. ಅವನು ಹೇಳಿದ: "ನನಗೆ ರಜೆ ಇರುವುದೇ ಶನಿವಾರ, ಭಾನುವಾರ. ಭಾನುವಾರ ಬಿಟ್ಟರೆ ನನ್ನ ಅರ್ಧ ಬೇಟೆ ಹೋಯಿತು." ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಮಗಳಿಗೂ ಅದೇ ಎರಡು ದಿನ ರಜೆ ಅಂತ ಮಾತ್ರ ಹೇಳಿದೆ.

ಕೊನೆಗೆ ಆದದ್ದು ಇಷ್ಟು. ಮುಂದಿನ ಋತುವಿನಿಂದ ಹೊಳೆ ಬದಿಯ ದಾರಿಯಲ್ಲಿ ಭಾನುವಾರ ಬೇಟೆ ಇಲ್ಲ. ಉಳಿದ ಕಡೆ ಇದೆ. ಹಿಂದಿನ ರಾತ್ರಿ ಯಾವ ಗುಡ್ಡ ಅಂತ ಮೆಸೇಜ್ ಹಾಕುತ್ತಾರೆ. ಆ ಗುಂಪಿನಲ್ಲಿ ಈಗ ನಾನು, ಅಜ್ಜಿ, ಕುರಿ ಸಾಕುವವರು, ಇನ್ನೂ ನಾಲ್ಕು ಮನೆಯವರಿದ್ದೇವೆ. ಪೂರ್ತಿ ಭಾನುವಾರ ಕೇಳಿದ್ದೆ, ಒಂದು ದಾರಿ ಸಿಕ್ಕಿತು. ಮುಂದಿನ ವರ್ಷ ಮತ್ತೆ ಕೇಳುತ್ತೇನೆ ಅಂತ ಅಧ್ಯಕ್ಷರಿಗೆ ಅಲ್ಲೇ ಹೇಳಿದ್ದೇನೆ.

ನಾಳೆ ಆಲೂಗಡ್ಡೆ ಗುಡ್ಡ ಅಂತ ಈಗಷ್ಟೇ ಮೆಸೇಜ್ ಬಂತು. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನದವರೆಗೆ. ನಾವು ಹೊಳೆ ಕಡೆ ಹೋಗುತ್ತೇವೆ.